ಭುಜದ ಮೇಲಿನ ಆನೆ

ದೇವರಾದರೂ ಆಷಾಢದಲ್ಲಿ ಮಲಗುತ್ತಾನಂತೆ. ನಿವೃತ್ತ ಸುಬೇದಾರ ಮಲಗುವುದಿಲ್ಲ. ಗುಡೂರಿನ ನನ್ನ ಮಾವನ ವಿಷಯ ಹೇಳುತ್ತಿದ್ದೇನೆ. ನಾದಿನಿಯ ಮದುವೆ ಇಳಕಲ್ಲಿನಲ್ಲಿ ಗೊತ್ತಾದಾಗ ಅವರಿಗೆ ಒಂದೇ ಚಿಂತೆ: ಗುರುತಿಲ್ಲದವರು ಪಂಕ್ತಿಗೆ ನುಗ್ಗಿ ಬೀಗರಿಗೇ ಕಡಿಮೆ ಬಿದ್ದರೆ? “ದಂಡಿನ್ಯಾಗ ಭುಜದ ಮ್ಯಾಲಿನ ಬಿಲ್ಲಿ ನೋಡಿದ್ರ ಸಾಕು, ಯಾವ ಡಿವಿಜನ್ನಿನವ ಅಂತ ತಿಳೀತಿತ್ತು. ಹೆಸರು ಕೇಳೂ ಜರೂರೇ ಇರಲಿಲ್ಲ,” ಎಂದರು.

ಕಸೂತಿ ಬಲ್ಲ ಅತ್ತೆಗೆ ಆದೇಶ ಹೋಯಿತು. ಭುಜಕ್ಕೆ ಹಚ್ಚುವ ಬಟ್ಟೆಯ ಬಿಲ್ಲೆಗಳ ಮೇಲೆ ನಮ್ಮವರಿಗೆ ಆನೆ, ಬೀಗರಿಗೆ ನವಿಲು, ಅಡುಗೆಯವರಿಗೆ ಬದನೆಕಾಯಿ. ಮದುವೆ ಮಾಡಿಸುವ ಅಯ್ನೋರು ಯಾರ ಕಡೆ ಎಂಬುದು ತೀರ್ಮಾನವಾಗದೆ ಒಂದು ಭುಜಕ್ಕೆ ಆನೆ, ಇನ್ನೊಂದಕ್ಕೆ ನವಿಲು ಹಚ್ಚಿದರು. ಮದುವೆಯ ದಿನ ಮುಂಜಾನೆ ನಾಷ್ಟಾದ ಪಂಕ್ತಿಯ ಬಾಗಿಲಿಗೆ ನನ್ನನ್ನು ಪಹರೆಗೆ ನಿಲ್ಲಿಸಿದರು. ಆಫೀಸಿನಲ್ಲಿ ಪ್ಯೂನ್ ಕೂಡ ನನ್ನ ಮಾತು ಕೇಳುವುದಿಲ್ಲ. ಆನೆ ಭುಜಕ್ಕೇರಿದ್ದೇ ತಡ, ನನಗೂ ಮೀಸೆ ತಿರುವುವ ಮನಸ್ಸಾಯಿತು.

ಗಂಡಸರ ಪಂಕ್ತಿ ಸುಸೂತ್ರವಾಗಿ ಮುಗಿಯಿತು. ಆಮೇಲೆ ಹೆಂಗಸರು ಬಂದರು. ನಮ್ಮ ಸೀಮೆಯ ಹಿರಿಯ ಹೆಂಗಸರು ಸೆರಗನ್ನು ತಲೆಯ ಮೇಲೆ ಹೊದ್ದು ಎರಡೂ ಭುಜ ಮುಚ್ಚುತ್ತಾರೆಂಬುದು ಮಾವನಿಗೆ ಹೊಳೆದೇ ಇರಲಿಲ್ಲ. ನನಗಂತೂ ಕರ್ತವ್ಯ ನೆತ್ತಿಗೇರಿತ್ತು. ಮುಂದಿದ್ದವರಿಗೆ, “ಅಮ್ಮಾರ, ಸೆರಗ ಸ್ವಲ್ಪ ಸರಸ್ರಿ, ಬಿಲ್ಲಿ ನೋಡ್ಬೇಕು,” ಎಂದೆ. ಮದುವೆಯ ಮಾತುಕತೆಗೆ ಹೋಗಿರದ ನನಗೆ ಗುರುತು ಸಿಕ್ಕಿರಲಿಲ್ಲ; ಅವರು ಮದುಮಗನ ತಾಯಿ!

“ಯಾಂವ ಇಂವಾ? ಸೆರಗ ಸರಸು ಅಂತಾನಲ್ಲ! ಅಕ್ಷತಿ ಇನ್ನಾ ಬಿದ್ದಿಲ್ಲ, ಗಾಡಿ ತಿರುವ್ರಿ!”

ಒಳಗೆ ಬಾಸಿಂಗ ಕಟ್ಟಿಕೊಂಡಿದ್ದ ನಾದಿನಿ ಅಳತೊಡಗಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಾವ ದಾಪುಗಾಲು ಹಾಕುತ್ತ ಬಂದು ನನ್ನ ಆನೆಯನ್ನು ಚರ್ರನೆ ಕಿತ್ತು, “ಇಂವ ನಮ್ಮಂವ ಅಲ್ರೀ!” ಎಂದುಬಿಟ್ಟರು. ಬೀಗಿತಿ ನನ್ನ ಬರಿಭುಜ ನೋಡಿ, ನಂಬಿ, ಶಿರಾ ತಿನ್ನಲು ಹೋದರು.

ಅಕ್ಷತೆ ಬಿತ್ತು. ಮಧ್ಯಾಹ್ನ ಊಟಕ್ಕೆ ಹೋದರೆ ಬಾಗಿಲಲ್ಲಿ ಹೊಸ ಪಹರೆ, ನನ್ನ ಹೆಂಡತಿ. “ಬಿಲ್ಲಿ ಎಲ್ಲೈತ್ರಿ?” ಎಂದಳು. ಅಷ್ಟರಲ್ಲಿ ಅವಳ ಹಿಂದೆ ಬೀಗಿತಿ ಬಂದು ನಿಂತರು.

“ಮುಂಜಾನಿಯಂವ ಇವನ ಅಲ್ಲನವ್ವಾ?”

ನನ್ನ ಹೆಂಡತಿ ತಂಗಿಯ ಕಡೆ ಒಮ್ಮೆ ನೋಡಿದಳು. “ಅಲ್ರೀ. ಅಂವಗ ಆನಿ ಇತ್ತು, ಇಂವಗ ಏನೂ ಇಲ್ಲ. ಯಾರೋ ಏನೋ.”

“ಪಾಪ, ಹಸದಾನ ಕಾಣಸ್ತೈತಿ. ಒಳಗ ಬಿಡವ್ವಾ,” ಎಂದರು ಬೀಗಿತಿ. ತಾವೇ ಕೂರಿಸಿ, ಹೋಳಿಗೆಯ ಮೇಲೆ ತುಪ್ಪ ಸುರಿಸಿದರು. ಅಳಿಯನಾಗಿ ಇಷ್ಟು ವರ್ಷ ಹೋಗಿ ಬಂದರೂ ಮಾವನ ಮನೆಯವರ ಪಂಕ್ತಿಯಲ್ಲಿ ನನಗೆ ಇಷ್ಟು ಉಪಚಾರ ಎಂದೂ ಆಗಿರಲಿಲ್ಲ.