ಜಮಾಲಸಾಬರ ಕಾಗದಪತ್ರದ ಡಬ್ಬಿ

ಮನೆಯಲ್ಲಿ ಕಳ್ಳತನ ನಡೆದಿದೆ, ಆದರೆ ಬಾಯಿ ಬಿಡುವಂತಿಲ್ಲ. ಇಂಥ ಸಂಕಟ ವೈರಿಗೂ ಬೇಡ! ಬೈಲಹೊಂಗಲದ ಜಮಾಲಸಾಬರಿಗೆ ಡಾಕ್ಟರು ಸಕ್ಕರೆ ಕಾಯಿಲೆ ಎಂದ ದಿನವೇ ಹೆಂಡತಿ ಜುಬೇದಾಬಿ ಮನೆಯಿಂದ ಸಿಹಿಯನ್ನು ಗಡಿಪಾರು ಮಾಡಿದ್ದಳು. ಸಾಬರು ಕಾಳಿನ ಕೋಣೆಯಲ್ಲಿ, ಜೋಳದ ಚೀಲದ ಹಿಂದೆ, ಒಂದು ಸ್ಟೀಲಿನ ಡಬ್ಬಿ ತುಂಬ ಕರದಂಟು ಬಚ್ಚಿಟ್ಟಿದ್ದರು. ಈಗ ಅದು ತಾವು ತಿಂದದ್ದಕ್ಕಿಂತ ಹೆಚ್ಚಾಗಿ ಖಾಲಿಯಾಗುತ್ತಿತ್ತು. ಕದ್ದಿಟ್ಟದ್ದನ್ನೇ ಕದ್ದರೆ ಯಾರಿಗೆ ದೂರು ಕೊಡುವುದು?

ನೇಸರಗಿ ರೂಟಿನಲ್ಲಿ ಟೆಂಪೋ ಓಡಿಸುತ್ತ, ಹಿಂದೆ ಕೂತವರನ್ನು ಕನ್ನಡಿಯಲ್ಲಿ ನೋಡೀ ನೋಡೀ ಸಾಬರಿಗೆ ಸಂಶಯವೇ ಸ್ವಭಾವವಾಗಿತ್ತು. ಸೊಸೆ ಹಿನಾಕೌಸರ ನಕ್ಕರೆ ಅನುಮಾನ, ನಗದಿದ್ದರೆ ಇನ್ನೂ ಅನುಮಾನ. (ಬೆಕ್ಕಿನ ಬಾಯಿಯನ್ನೂ ಮೂಸಿ ನೋಡಿದ್ದರು.) ಲೋಕದಲ್ಲಿ ನಂಬಿಕೆಗೆ ಉಳಿದದ್ದು ಪಕ್ಕದ ನಿಜಗುಣಪ್ಪನ ಮನೆ ಒಂದೇ. ಕಾಯಿಲೆಯ ಸುದ್ದಿ ಅಲ್ಲಿಗೆ ಮುಟ್ಟದಂತೆ ನೋಡಿಕೊಂಡಿದ್ದರು. ಸಂಜೆ ನಿಜಗುಣಪ್ಪನ ಹೆಂಡತಿ ಅನ್ನಪೂರ್ಣಾ ಚಹಾದ ಜೊತೆ ಕೊಟ್ಟದ್ದನ್ನು ತಿಂದು, "ಇಂಥಾ ರುಚಿ ನಮ್ಮ ಮನ್ಯಾಗ ಯಾರ ಕೈಗೂ ಇಲ್ಲ ನೋಡವಾ" ಎಂದು ಹೊಗಳಿ ಬರುತ್ತಿದ್ದರು.

ಕಳ್ಳನನ್ನು ಹಿಡಿಯಲು ಸಂಪಗಾಂವದಿಂದ ತೌಹೀದನನ್ನು ಕರೆಸಿದರು. ಎಲೆಕ್ಟ್ರಿಕ್ ಅಂಗಡಿಯವನು, ಹೋದ ವರ್ಷ ಈ ಮನೆಗೆ ಜಿಗ್‌ಬೀ ಬಲ್ಬು ಹಾಕಿದವನೂ ಅವನೇ. ತಂತಿಯಿಲ್ಲದೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ, ಫೋನಿನಲ್ಲಿ ಒತ್ತಿದರೆ ಹತ್ತುವ ಆರುವ ಬಲ್ಬುಗಳು. ಆದರೆ ತೌಹೀದ ಜುಬೇದಾಬಿಯ ಖಾಸಾ ತಮ್ಮ, ಅದೇ ತೊಡಕು.

"ಡಬ್ಬಿ ಬಾಯಿ ತಗದ್ರ ಮನೀಗೆಲ್ಲಾ ಗೊತ್ತಾಗಬೇಕು. ಆಗ್ತೈತೇನು?"

"ಬಲ್ಬು ನಡಸೋ ಹಳೇ ಯಂತ್ರಕ್ಕ ಅಷ್ಟು ಬುದ್ಧಿ ಇಲ್ಲ, ಭಾವಾ. ಈ ಬಲ್ಬಿನ ಜಾಲಾನ ಕಂಪ್ಯೂಟರಿನ ಸಾಫ್ಟ್‌ವೇರಿಗೆ ಜೋಡಿಸಿದ್ರ ಆಗ್ತೈತಿ. ಡಬ್ಬ್ಯಾಗ ಏನೈತಿ?"

"ಕಾಗದಪತ್ರ."

"ಎಂಥಾ ಕಾಗದಪತ್ರ?"

"ಯಾಕ, ನಿಮ್ಮಕ್ಕ ಕೇಳ್ಕೊಂಡ್ ಬಾ ಅಂದ್ಲೇನು?"

ತೌಹೀದ ಮನೆಯಲ್ಲಿದ್ದ ಕಂಪ್ಯೂಟರಿಗೆ, ಬಲ್ಬುಗಳ ಮಾತು ಹಿಡಿಯುವ ಬೆರಳುದ್ದದ ಕಡ್ಡಿಯೊಂದನ್ನು ಸಿಕ್ಕಿಸಿದ. ಒಂದೊಂದೇ ಬಲ್ಬನ್ನು ಹಳೆ ಯಂತ್ರದಿಂದ ಬಿಡಿಸಿ ಕಂಪ್ಯೂಟರಿಗೆ ಜೋಡಿಸಿದ. ಡಬ್ಬಿಯ ಮುಚ್ಚಳಕ್ಕೆ ಸೆನ್ಸಾರ್ ಅಂಟಿಸಿದ. ಸಾಬರು ಅವನ ಹೆಗಲ ಮೇಲಿಂದ ಬಗ್ಗಿ ನೋಡುತ್ತಲೇ ಇದ್ದರು.

"ಇದು ಗುಟ್ಟು ಹೊರಗ ಬಿಡೂದಿಲ್ಲ ಹೌದಲ್ಲೋ?"

"ಅಂಜಬ್ಯಾಡ್ರಿ. ಮನೀ ಮಾತು ಮನ್ಯಾಗ ಇಟ್ಕೋತೈತಿ."

"ಏ, ಮನ್ಯಾಗಿನವರದೇ ನನಗ ಅಂಜಿಕಿ!"

ಹೋಗುವಾಗ ತೌಹೀದ, "ಇನ್ನ ಹಳೇ ಆ್ಯಪ್ ತಗದ್ ಬಿಡ್ರಿ. ಅದರ ಮಾತು ಒಂದು ಬಲ್ಬೂ ಕೇಳೂದಿಲ್ಲ. ಏನಿದ್ರೂ ನಿಮ್ಮ ಫೋನಿನ್ಯಾಗ ನಾ ಹಾಕಿದ ಹೊಸಾದ್ರಾಗ ಒತ್ರಿ" ಎಂದ. ಸಾಬರ ಕಿವಿ ನೆಟ್ಟಗಾಯಿತು. ಹೆಂಡತಿಯ ತಮ್ಮ ಹೊಸದನ್ನೇ ಒತ್ತು ಅನ್ನುತ್ತಾನೆ ಅಂದರೆ ಒತ್ತಿದ್ದು ನೇರ ಹೆಂಡತಿಗೆ ಮುಟ್ಟುತ್ತದೆ! ಹೂಂ ಎಂದು ತಲೆಯಾಡಿಸಿ ಹಳೆಯದನ್ನು ಹಾಗೇ ಇಟ್ಟುಕೊಂಡರು.

ಮಧ್ಯಾಹ್ನ ಹಾಗಲಕಾಯಿ ಪಲ್ಯದ ಊಟವಾಗಿ ಹೆಂಗಸರು ಅಡ್ಡಾದರು. ಸಾಬರ ನಾಲಿಗೆ ಕೇಳಬೇಕಲ್ಲ! ಕಾಳಿನ ಕೋಣೆಗೆ ನುಸುಳಿ, ಫೋನು ತೆಗೆದು, ಸೆನ್ಸಾರ್ ಸುಮ್ಮನಿರಲೆಂದು ಹಳೆ ಆ್ಯಪಿನಲ್ಲಿ 'ಎಲ್ಲಾ ಬಂದ್' ಒತ್ತಿದರು. ಪರದೆಯ ಮೇಲೆ ಏನೋ ಎರಡು ಸಾಲು ಮೂಡಿತು. ಓದಲು ಯಾರಿಗೆ ಪುರುಸೊತ್ತು? ಮುಚ್ಚಳ ತೆಗೆದು ದೊಡ್ಡ ತುಂಡೊಂದನ್ನು ಬಾಯಿಗಿಟ್ಟರು.

ಮನೆಯ ಬಲ್ಬುಗಳೆಲ್ಲ ಕೆಂಪಗೆ ಹತ್ತಿದವು. ಪಡಸಾಲೆಯ ಸ್ಪೀಕರಿನಿಂದ, ಮೊದಲೇ ತುಂಬಿಟ್ಟಿದ್ದ ತೌಹೀದನ ಧ್ವನಿ ಒದರತೊಡಗಿತು: "ಕಾಗದಪತ್ರದ ಡಬ್ಬಿ ತಗದಾರ! ಕಾಗದಪತ್ರದ ಡಬ್ಬಿ ತಗದಾರ!"

ಲಟ್ಟಣಿಗೆ ಹಿಡಿದು ಜುಬೇದಾಬಿ ಬಂದಳು, ಬೆನ್ನಿಗೆ ಸೊಸೆ. ಗದ್ದಲ ಕೇಳಿ ಅನ್ನಪೂರ್ಣಾ ಕೈಯಲ್ಲಿದ್ದ ಪಲ್ಯದ ಬಟ್ಟಲ ಸಮೇತ ಓಡಿ ಬಂದಳು. ಸಾಬರ ಹಲ್ಲಿಗೆ ಕರದಂಟು ಕಚ್ಚಿಕೊಂಡಿತ್ತು. ನುಂಗಲೂ ಆಗದು, ಉಗುಳಲೂ ಆಗದು.

"ಯಾವ ಕಾಗದಪತ್ರ ತಿನ್ನಾಕ ಹತ್ತೀರಿ?" ಎಂದಳು ಜುಬೇದಾಬಿ.

ಸಾಬರು ಹೇಗೋ ನುಂಗಿ ತಾವೇ ಮೈಮೇಲೆ ಹೋದರು. "ನನ್ನ ಕೇಳ್ತಿ? ಈ ಡಬ್ಬಿಗೆ ದಿನಾ ಕೈ ಹಾಕೋರು ಯಾರು, ಅದನ್ನ ಮೊದಲ ಹೇಳು!"

"ನಾನೇ! ಅನ್ನಪೂರ್ಣಾ ದಿನಾ ಬಟ್ಟಲದಾಗ ಏನರೇ ಕಳಸ್ತಾಳ. ಖಾಲಿ ಬಟ್ಟಲ ಹೊಳ್ಳಿ ಕೊಡಾಕ ಬರ್ತೈತೇನು? ನಿಮ್ಮ ಹೊಟ್ಟಿಗೆ ಹೋಗಿ ಜೀವಾ ತಿನ್ನೂದಕ್ಕಿಂತ ಆ ಮನ್ಯಾಗರೇ ತಿನ್ಲಿ ಅಂತ ಎರಡೆರಡು ತುಂಡು ಹಾಕಿ ಕಳಸೀನಿ. ನಿಮಗೇನರೇ ಆದ್ರ ನಾ ಯಾರ ಮಾರಿ ನೋಡ್ಲಿ?" ಅವಳ ಕಣ್ಣು ತುಂಬಿ ಬಂತು.

ಅನ್ನಪೂರ್ಣಾಳ ಮುಖ ಬಿಳಿಚಿತು. "ಅಯ್ಯ ಚಾಚಿ, ನಮ್ಮ ಮನ್ಯಾಗ ಯಾರೂ ಸಿಹಿ ಮುಟ್ಟೂದಿಲ್ಲರಿ. ದಿನಾ ಸಂಜಿಕೆ ಚಾ ಜೋಡಿ ಚಾಚಾಗ ಅವನ್ನೇ ಇಡ್ತಿದ್ನಿ. ಖಾಲಿ ತಾಟು ನೆಕ್ಕತಿದ್ರಲ್ಲರಿ!"

ಸಾಬರು ಯಾರ ಮುಖವನ್ನೂ ನೋಡದೆ ಹಳೆ ಆ್ಯಪಿನಲ್ಲಿ 'ಎಲ್ಲಾ ಬಂದ್' ಒತ್ತುತ್ತಲೇ ಇದ್ದರು. ಒಂದು ಬಲ್ಬೂ ಮಾತು ಕೇಳಲಿಲ್ಲ.

ಜುಬೇದಾಬಿ ಕಣ್ಣೊರೆಸಿಕೊಂಡು ತಮ್ಮನಿಗೆ ಫೋನು ಹಚ್ಚಿದಳು.

"ತೌಹೀದ, ಅಂಗಡ್ಯಾಗ ಇನ್ನೊಂದು ಸೆನ್ಸಾರ್ ಐತೇನಪಾ? ಡಬ್ಬಿಗಲ್ಲೋ, ನಿಮ್ಮ ಭಾವನ ಬಾಯಿಗೆ."