ಕರಡಿಗೆ ಮತ್ತು ಕೆಂಪು ಚೌಕ

ಓದಿದವರಿಗೆ ಒಂದು ಚಾಳಿಯಿದೆ. ಗೊತ್ತಿಲ್ಲದ್ದಕ್ಕೂ ಕಾರಣ ಹೇಳಿಬಿಡುವುದು. ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು, ಚಾಳಿ ಸ್ವಲ್ಪ ಜಾಸ್ತಿಯೇ. ಮಿಕ್ಸಿ ಸುಟ್ಟರೂ ಇಡ್ಲಿ ಉಬ್ಬದಿದ್ದರೂ ನನ್ನ ಬಳಿ ಕಾರಣ ಸಿದ್ಧ. ಇಡ್ಲಿಯ ವಿಷಯದಲ್ಲಿ ಇದರಿಂದ ಯಾರಿಗೂ ಅಪಾಯವಾಗಿಲ್ಲ.

ನಮ್ಮ ಯಜಮಾನರದು ಮಂಡಿ ಮೊಹಲ್ಲಾದಲ್ಲಿ ಬೆಲ್ಲದ ಸಗಟು ಅಂಗಡಿ. ಕೆಮ್ಮು ಬಿಡಲೇ ಇಲ್ಲವೆಂದು ಎದೆಯ ಸ್ಕ್ಯಾನ್ ಮಾಡಿಸಲು ಕರೆದುಕೊಂಡು ಹೋದೆ. ಲೋಹವೆಲ್ಲ ತೆಗೆಯಿರಿ ಎಂದರು ಅಲ್ಲಿನ ಸಿಬ್ಬಂದಿ. ಯಜಮಾನರು ಉಂಗುರ, ವಾಚು, ಬೆಲ್ಟು ಬಿಚ್ಚಿ ನನ್ನ ಕೈಗಿಟ್ಟರು. ಎದೆಯ ಮೇಲಿನ ಬೆಳ್ಳಿ ಕರಡಿಗೆ ಮಾತ್ರ ಅಂಗಿಯೊಳಗೇ ಉಳಿಯಿತು. ಅದರಲ್ಲಿ ಇಷ್ಟಲಿಂಗವಿದೆ, ದೀಕ್ಷೆಯಾದಾಗಿನಿಂದ ಮೈ ಬಿಟ್ಟು ಇದ್ದದ್ದಿಲ್ಲ. ಅದೂ ಲೋಹ ಎಂದು ಅವರಿಗೆ ಹೊಳೆಯಲಿಲ್ಲ, ಬಿ.ಎಸ್ಸಿ.ಗೂ ಹೊಳೆಯಲಿಲ್ಲ.

ಶ್ವಾಸಕೋಶದಲ್ಲಿ ಏನೂ ಸಿಗಲಿಲ್ಲ. ಆದರೆ ಅಲ್ಲಿನ ಕೃತಕ ಬುದ್ಧಿಮತ್ತೆಯ ಕಂಪ್ಯೂಟರು, ಯಾರೂ ಕೇಳದಿದ್ದರೂ, ಹೃದಯದ ಒಂದು ರಕ್ತನಾಳದ ಸುತ್ತ ಕೆಂಪು ಚೌಕ ಬರೆದಿತ್ತು. "ಇಲ್ಲಿ ಸುಣ್ಣ ಕಟ್ಟಿರೋ ಹಾಗಿದೆ" ಎಂದರು ಡಾಕ್ಟರಮ್ಮ. ಅದೇ ಚಿತ್ರದಲ್ಲಿ ಕರಡಿಗೆ ಬೆಳ್ಳಗೆ ಹೊಳೆಯುತ್ತಾ ಸುತ್ತೆಲ್ಲ ಗೆರೆ ಚೆಲ್ಲಿತ್ತು. ನನ್ನ ಪದವಿ ಎದ್ದು ನಿಂತಿತು.

"ಅದು ಬೆಳ್ಳಿ ಮಾಡಿರೋ ಕೆಲಸ ಡಾಕ್ಟ್ರೇ. ಪಾಪ, ಕಂಪ್ಯೂಟರಿಗೆ ಕರಡಿಗೆ ಅಂದ್ರೆ ಏನು ಗೊತ್ತು?"

"ಕೇಳಿದ್ರಾ? ನಮ್ಮನೆಯವ್ರು ಓದಿರೋರು ಕಣ್ರೀ" ಎನ್ನುತ್ತಾ ಯಜಮಾನರು ಎದ್ದೇಬಿಟ್ಟರು. "ಭಾನುವಾರ ಸ್ನೇಹಿತರ ಜೊತೆ ಚಾಮುಂಡಿ ಬೆಟ್ಟ ಹತ್ತೋದಿದೆ. ಆಮೇಲೆ ನೋಡೋಣ ಬುಡಿ."

ಡಾಕ್ಟರಮ್ಮ ವಾದಿಸಲಿಲ್ಲ. "ಅಮ್ಮಾವ್ರು ಹೇಳೋದೂ ಸರಿಯಿರಬಹುದು. ಕರಡಿಗೆ ಪಕ್ಕಕ್ಕಿಟ್ಟು ಇನ್ನೊಂದ್ಸಲ ತೆಗೆಯೋಣ."

"ಪಕ್ಕಕ್ಕಾ? ಪ್ರಾಣ ಹೋದ್ರೂ ಇಲ್ಲ!"

"ಅದು ಹೋಗ್ದೇ ಇರ್ಲಿ ಅಂತ್ಲೇ ಹೇಳ್ತಿರೋದು. ಮುಷ್ಟೀಲಿ ಹಿಡ್ಕೊಳ್ಳಿ, ಕೈ ಹೇಗೂ ತಲೆ ಮೇಲಿರುತ್ತೆ."

ಹಾಗೇ ಇಷ್ಟಲಿಂಗವನ್ನು ತಲೆಯ ಮೇಲೆ ಹಿಡಿದು ಮಲಗಿದರು. ಎರಡನೆಯ ಚಿತ್ರದಲ್ಲಿ ಕರಡಿಗೆ ಇರಲಿಲ್ಲ. ಕೆಂಪು ಚೌಕ ಅಲ್ಲೇ ಇತ್ತು.

ಆಂಜಿಯೋಗ್ರಾಂ ಮಾಡಿದಾಗ ದೊಡ್ಡ ನಾಳವೊಂದು ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಸ್ಟೆಂಟ್ ಹಾಕಿದರು. "ಭಾನುವಾರ ಬೆಟ್ಟ ಹತ್ತಿದ್ದಿದ್ರೆ..." ಎಂದು ಡಾಕ್ಟರಮ್ಮ ಮಾತು ಅರ್ಧಕ್ಕೇ ನಿಲ್ಲಿಸಿದರು. ಅದನ್ನು ನಾನು ಈಗಲೂ ಪೂರ್ತಿ ಮಾಡುತ್ತಲೇ ಇದ್ದೇನೆ, ಒಗ್ಗರಣೆ ಹಾಕುವಾಗ, ಬಟ್ಟೆ ಮಡಚುವಾಗ. ಒಮ್ಮೊಮ್ಮೆ ಯಜಮಾನರು ಬೆಟ್ಟದ ಮೆಟ್ಟಿಲ ಮೇಲೆ ಸುಮ್ಮನೆ ಕೂತುಬಿಡುತ್ತಾರೆ, ಒಮ್ಮೊಮ್ಮೆ ನಂದಿಯ ಹತ್ತಿರ ಕುಸಿಯುತ್ತಾರೆ. ಪ್ರತಿಸಲವೂ ಪಕ್ಕದಲ್ಲಿ ನಿಂತು ನಾನು ಕಾರಣ ವಿವರಿಸುತ್ತಿರುತ್ತೇನೆ.

ಈಗ ಅವರು ಅಂಗಡಿಗೆ ಹೋಗುತ್ತಿದ್ದಾರೆ. ಮೊನ್ನೆ ಕಾಫಿ ಕುಡಿಯುತ್ತಾ, "ನಿಂಗೂ ವಯಸ್ಸಾಯ್ತು ಕಣೇ, ಒಂದು ಸ್ಕ್ಯಾನ್ ಮಾಡಿಸ್ಬುಡೋಣ" ಎಂದರು.

ನಾನು ಯೋಚಿಸುವ ಮೊದಲೇ ಬಾಯಿ ಹೇಳಿಬಿಟ್ಟಿತ್ತು: "ನಂಗೆ ಬೇಡ ಬುಡಿ, ತಾಳಿ ಅಡ್ಡ ಬರುತ್ತೆ."