ಮಗಳ ಬಾಯಲ್ಲಿ ಅವ್ವನ ಹೂಂ

ಹಗಲು ಹೊತ್ತಿನಲ್ಲಿ ಹೆದರುವುದಿದೆಯಲ್ಲ, ಅದರಷ್ಟು ಮರ್ಯಾದೆಗೇಡಿನ ಕೆಲಸ ಇನ್ನೊಂದಿಲ್ಲ. ರಾತ್ರಿ ಹೆದರಿದವನು ಕತ್ತಲೆಯ ಮೇಲೋ, ಊಳಿಟ್ಟ ನಾಯಿಯ ಮೇಲೋ, ಹೆಚ್ಚಾಗಿ ತಿಂದ ನಾಲ್ಕು ಭಜಿಯ ಮೇಲೋ ತಪ್ಪು ಹೊರಿಸಿ ಪಾರಾಗಬಹುದು. ನಾನು ಹೆದರಿದ್ದು ಭಾನುವಾರ ಮಧ್ಯಾಹ್ನ ನಾಲ್ಕೂವರೆಗೆ, ನಾಸಿಕದ ನಮ್ಮ ಫ್ಲ್ಯಾಟಿನ ಸೋಫಾದ ಮೇಲೆ, ಅವಲಕ್ಕಿ ಚೂಡಾದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು. ಅದೂ ಯಾರಿಗೆ? ಹೆತ್ತ ಮಗಳಿಗೆ. ಬ್ಯಾಂಕಿನಲ್ಲಿ ಕನ್ನಡಕದ ಮೇಲಿನಿಂದ ನೋಡಿಯೇ ಹತ್ತು ಜನರನ್ನು ಹೆದರಿಸುವ ಮನುಷ್ಯ ನಾನು. ಈ ವಿಷಯ ಅಲ್ಲಿಯವರಿಗೆ ತಿಳಿಯದಿರಲಿ.

ಮಗಳು ಶರ್ವರಿ ಬೇಸಿಗೆ ಶಾಲೆಗೆಂದು ಎರಡು ತಿಂಗಳು ಪೋಲೆಂಡಿಗೆ ಹೋಗಿದ್ದಳು. ಅಲ್ಲಿಯ ಬೇಸಿಗೆ ಎಂದರೆ ನಮ್ಮ ಮಳೆಗಾಲ. ಅಲ್ಲಿನ ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಹಳೇ ಕಟ್ಟಡಗಳನ್ನು ಉಳಿಸಿಕೊಳ್ಳುವುದು ಹೇಗೆಂದು ಕಲಿಸುತ್ತಾರಂತೆ. ನಮ್ಮ ಕಡೆ ಹಳೇ ಕಟ್ಟಡಗಳು ಯಾರೂ ಉಳಿಸದೆಯೇ ಉಳಿದಿರುತ್ತವೆ, ಅದಕ್ಕೆ ಅಲ್ಲಿಯ ತನಕ ಏಕೆ ಹೋಗಬೇಕು ಎಂದು ನಾನು ಕೇಳಿದ್ದೆ. ಮನೆಯಲ್ಲಿ ನನ್ನ ಪ್ರಶ್ನೆಗೆ ಇರುವ ಬೆಲೆಯೇ ಅದಕ್ಕೂ ಸಿಕ್ಕಿತು. ಹೊರಡುವಾಗ, ಒಂದು ಕಳೆದರೆ ಇನ್ನೊಂದಿರಲಿ ಎಂದು ನನ್ನ ಹಳೇ ಮೊಬೈಲನ್ನೂ ಅವಳ ಚೀಲಕ್ಕೆ ಹಾಕಿದ್ದೆ. ಮೊದಲ ವಾರಗಳಲ್ಲಿ ಬಂದ ಫೋಟೋಗಳನ್ನು ನೋಡಿದರೆ ಅಲ್ಲಿ ಓದು ಇದ್ದಂತೆ ಕಾಣಲಿಲ್ಲ. ಸರೋವರದ ದಡದಲ್ಲಿ ಕೈ ಕೈ ಹಿಡಿದು ಕುಣಿತ, ಶುಕ್ರವಾರಕ್ಕೊಂದು ದೇಶದ ಅಡುಗೆ, ರಾತ್ರಿ ಒಂಬತ್ತಾದರೂ ಮುಳುಗಲು ಮನಸ್ಸಿಲ್ಲದ ಸೂರ್ಯ. ನಮ್ಮ ಹುಡುಗಿ ಹಾಸ್ಟೆಲ್ಲಿನ ಒಲೆಯ ಮೇಲೆ ಅವಲಕ್ಕಿಯ ಪೋಹೆ ಮಾಡಿ ಏಳು ದೇಶದವರಿಗೆ ಬಡಿಸಿದ್ದಳು. ಮನೆಯಲ್ಲಿ ಗ್ಯಾಸು ಹಚ್ಚಲು ಬಾರದವಳು!

ಶರ್ವರಿಯ ಕನ್ನಡದ ಬಗ್ಗೆ ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಾವು ಕಲಬುರಗಿ ಕಡೆಯವರು, ಅವಳು ನಾಸಿಕದಲ್ಲೇ ಬೆಳೆದವಳು. ಕನ್ನಡ ಪೂರಾ ತಿಳಿಯುತ್ತದೆ, ಆಡಲು ಹೋದರೆ "ಅಪ್ಪಾ, ನನಗ ಭೂಕ್ ಲಾಗ್ಲಿ" ಎಂದು ಹಸಿವಿನ ಅರ್ಧದಾರಿಯಲ್ಲೇ ಮರಾಠಿಗೆ ಇಳಿದುಬಿಡುತ್ತಾಳೆ. ನಮ್ಮವ್ವ ಬದುಕಿರುವಾಗ ಇದೇ ಅವಳ ದೊಡ್ಡ ಕೊರಗು. "ಬಸೂ, ಈ ಕೂಸಿನ ಕೂಡ ನಾ ಮಾತಾಡಬೇಕಾದ್ರ ನಡುವ ನಿನ್ನ ಕೂಡ್ರಿಸ್ಕೋಬೇಕೇನೋ?" ಎನ್ನುತ್ತಿದ್ದಳು. ನನ್ನನ್ನು ಬಸೂ ಎಂದು ಕರೆಯುತ್ತಿದ್ದವಳು ಈ ಭೂಮಿಯ ಮೇಲೆ ಅವಳೊಬ್ಬಳೇ. ಅಣ್ಣನಿಗೆ ನಾನು ಬಸ್ಯಾ, ಬ್ಯಾಂಕಿಗೆ ಸಾಹೇಬ, ಹೆಂಡತಿಗೆ ಬರೀ 'ಏನ್ರೀ'. ಅವ್ವ ಕೊನೆಯ ಮೂರು ವರ್ಷ ಸಂಭಾಜಿನಗರದ ಅಣ್ಣನ ಮನೆಯಲ್ಲಿದ್ದು, ಹೋದ ವರ್ಷ ಅಲ್ಲೇ ತೀರಿಕೊಂಡಳು.

ಆ ಭಾನುವಾರ ಶರ್ವರಿಯ ವಿಡಿಯೋ ಕಾಲ್ ಬಂತು. ಮೊದಲು ಒಂದು ಕೆಮ್ಮು. ಆಮೇಲೆ, "ಬಸೂ, ಕೇಳಸ್ತದೇನು?"

ಕೈಯಲ್ಲಿದ್ದ ಚೂಡಾ ಕೈಯಲ್ಲೇ ಉಳಿಯಿತು.

"ಉಂಡೀಯೇನು?" ಎಂದಳು. ನಾನು ಬಾಯಿ ತೆರೆಯುವಷ್ಟು ಹೊತ್ತು ಸುಮ್ಮನಿದ್ದು, "ಹೂಂ. ಬಿಸಿಲಾಗ ತಿರಗಬ್ಯಾಡ" ಎಂದಳು. ನಾನಿನ್ನೂ ಉತ್ತರವನ್ನೇ ಕೊಟ್ಟಿರಲಿಲ್ಲ. ಹೊರಗೆ ನೋಡಿದರೆ ಆಷಾಢದ ಮಳೆ. "ಏ ಶರ್ವರಿ, ಏನಿದು?" ಎಂದೆ. ಮತ್ತೆ ಅಷ್ಟೇ ಹೊತ್ತು ಮೌನ, ಮತ್ತೆ "ಹೂಂ". ಕಣ್ಣುಗಳು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಭುಜದ ಹಿಂದೆ ಇನ್ನಾರನ್ನೋ ನೋಡುತ್ತಿದ್ದವು. ತಿರುಗಿ ನೋಡಿದೆ. ಗೋಡೆ ಇತ್ತು, ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು. ಅಷ್ಟರಲ್ಲಿ "ಬರ್ತೀನಿ" ಎಂದು ಕಾಲ್ ಮುಗಿಸಿದಳು. ಇಡ್ತೀನಿ ಎನ್ನಬಾರದು, ಬರ್ತೀನಿ ಎನ್ನಬೇಕೆಂಬುದು ಅವ್ವನ ಕಾನೂನು. ನಮ್ಮ ಮಗಳು ಹುಟ್ಟಿದಾಗಿನಿಂದ ಬಾಯ್ ಬಾಯ್ ಎಂದವಳು.

ಅಡುಗೆಮನೆಯಿಂದ ಹೆಂಡತಿ ಸುವರ್ಣಾ ಹೊರಗೆ ಬಂದಳು. ಮೈಮೇಲೆ ಚೂಡಿದಾರ್, ತಲೆಯ ಮೇಲೆ ಪಾತ್ರೆ ಒರೆಸುವ ಅರಿವೆ. ಅತ್ತೆಯ ದನಿ ಕೇಳಿದರೆ ಸೆರಗು ಹೊದ್ದುಕೊಳ್ಳುವುದು ಅವಳ ಇಪ್ಪತ್ತೈದು ವರ್ಷಗಳ ರೂಢಿ. ಸೆರಗು ಇರಲಿಲ್ಲವಾದ್ದರಿಂದ ಕೈಗೆ ಸಿಕ್ಕದ್ದನ್ನು ಎಳೆದುಕೊಂಡಿದ್ದಳು.

"ಏನ್ರೀ, ಅತ್ತಿಯವರು ಮಾತಾಡಿದಂಗಾತಲ್ಲ?" ಎಂದವಳು, ತಾನು ಏನು ಕೇಳಿದೆ ಎಂಬುದು ತಲೆಗೆ ಹೊಳೆದು ಅಲ್ಲೇ ಕುಳಿತುಬಿಟ್ಟಳು.

ಮುಂದಿನ ಬುಧವಾರವೂ ಅದೇ ಕೆಮ್ಮು, ಅದೇ ಬಸೂ, ಅದೇ ಹೂಂ. ಪರದೇಶದಲ್ಲಿ ಹುಡುಗಿಗೆ ಏನಾಯಿತು? ತಲೆ ಕೆಟ್ಟಿತೇ, ಜ್ವರವೇ, ಯಾರಾದರೂ ಏನಾದರೂ ಕುಡಿಸಿದರೇ? ಅಲ್ಲಿಗೆ ಓಡಿ ಹೋಗೋಣವೆಂದರೆ ನನ್ನ ಪಾಸ್‌ಪೋರ್ಟಿನ ಅವಧಿ ಮುಗಿದಿತ್ತು. ಅಣ್ಣನಿಗೆ ಫೋನು ಮಾಡಿದೆ. ಅವನು ಎಲ್ಲ ಕೇಳಿಸಿಕೊಂಡು, "ಅವ್ವನ ವರ್ಷದ ಪೂಜಿ ಆಡಿಟ್ ಅದ ಅಂತ ಒಮ್ಮಿ ಮುಂದ ಹಾಕಿದಿ, ವೀಸಾ ಅಂತ ಒಮ್ಮಿ ಮುಂದ ಹಾಕಿದಿ. ಅವ್ವ ಎಷ್ಟ ದಿನ ಕಾಯಬೇಕೋ ಬಸ್ಯಾ? ಮೊಮ್ಮಗಳ ಬಾಯಾಗ ಬಂದು ಕೇಳ್ಲಿಕತ್ತಾಳ" ಎಂದ. ಅಣ್ಣ ವಿಜ್ಞಾನದ ಮೇಷ್ಟ್ರು. ಅವನೇ ಹೀಗೆಂದ ಮೇಲೆ ನಾನು ಎದ್ದು ಕ್ಯಾಲೆಂಡರಿನ ಮುಂದೆ ಹೋಗಿ ನಿಂತೆ.

ಭಾನುವಾರವೇ ಪೂಜೆಯೆಂದು ಗೊತ್ತುಮಾಡಿ ಮುಂಜಾನೆಯ ಬಸ್ಸು ಹತ್ತಿದೆವು. ಮಗಳಿಗೆ ತಿಳಿಸಲಿಲ್ಲ, ತಿಳಿಸಲು ಧೈರ್ಯವಿರಲಿಲ್ಲ. ವೈಜಾಪುರದಲ್ಲಿ ಬಸ್ಸು ನಿಂತಾಗ ಚಹಾ ಕುಡಿದೆ. ಸಂಭಾಜಿನಗರ ಮುಟ್ಟಿ, ಅವ್ವನ ಫೋಟೋಕ್ಕೆ ಹಾರ ಹಾಕಿ, ವಿಭೂತಿ ಹಚ್ಚಿ, ಜಂಗಮರ ಊಟ ಮುಗಿಸಿ, ಇನ್ನು ಅವ್ವ ಸಮಾಧಾನವಾದಳು ಎಂದು ಎಲ್ಲರೂ ಉಸಿರು ಬಿಟ್ಟೆವು. ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಅಣ್ಣ ಅದನ್ನು ಫೋಟೋದ ಕೆಳಗೇ ಒರಗಿಸಿಟ್ಟ. ಮೇಲೆ ಅವ್ವ, ಕೆಳಗೆ ಶರ್ವರಿ.

ಕೆಮ್ಮು. "ಬಸೂ, ವೈಜಾಪುರದಾಗ ಚಹಾ ಕುಡದೀಯೇನು?" ಮೌನ. "ಹೂಂ. ಬ್ಯಾಡ ಅಂದ್ರ ಕೇಳಂಗಿಲ್ಲ ನೀ. ಪಿತ್ತ ಆಗ್ತದ."

ಅತ್ತಿಗೆ "ಶಿವ ಶಿವಾ" ಎಂದಳು. ಸುವರ್ಣಾ ಸೆರಗು ಹೊದ್ದಳು, ಈ ಸಲ ನಿಜವಾದ ಸೆರಗು. ನನಗೆ ತಡೆಯಲಾಗಲಿಲ್ಲ. ಐವತ್ತೆರಡು ವರ್ಷದ ನಾನು ಕೈ ಮುಗಿದು, "ಅವ್ವಾ, ತಪ್ಪಾತು. ಕೂಸಿಗೆ ಬಿಟ್ಟಬಿಡು" ಎಂದು ಅತ್ತುಬಿಟ್ಟೆ.

ಆ ಕಡೆ ಮೊದಲ ಬಾರಿಗೆ ಕಣ್ಣುಗಳು ನನ್ನತ್ತ ತಿರುಗಿದವು. "ಅಪ್ಪಾ! ಅಪ್ಪಾ, ಸಾರಿ! ಮೀ ಪ್ರಾಕ್ಟೀಸ್ ಕರತ್ ಹೋತೆ!" ಎಂದು, ತಾನು ಬರೀ ಅಭ್ಯಾಸ ಮಾಡುತ್ತಿದ್ದೆನೆಂದು, ನಮ್ಮ ಶರ್ವರಿ ತನ್ನ ಮರಾಠಿಯಲ್ಲೇ ಕೂಗಿದಳು. ಆ ಮರಾಠಿ ನನ್ನ ಕಿವಿಗೆ ಅಮೃತವಾಯಿತು.

ವಿಷಯವಿಷ್ಟೇ. ಬೇಸಿಗೆ ಶಾಲೆಯ ಕೊನೆಯ ಶನಿವಾರ ಎಲ್ಲರೂ ತಂತಮ್ಮ ಮನೆಮಾತಿನಲ್ಲಿ ಐದು ನಿಮಿಷ ಮಾತಾಡಬೇಕಂತೆ. ನಿನ್ನದು ಯಾವುದು ಎಂದಾಗ ಕನ್ನಡ ಎಂದಿದ್ದಾಳೆ. ಎಲ್ಲಿ, ಸ್ವಲ್ಪ ಆಡು ಎಂದರೆ ಎರಡನೇ ವಾಕ್ಯಕ್ಕೇ ಮರಾಠಿ ಬಂದಿದೆ. ಕೋಣೆಯ ಗೆಳತಿ ನಕ್ಕಳಂತೆ. ಅವತ್ತು ಬಚ್ಚಲಲ್ಲಿ ನಿಂತು ಅತ್ತಳಂತೆ. ಆಮೇಲೆ ನನ್ನ ಹಳೇ ಮೊಬೈಲ್ ತಡಕಾಡುವಾಗ ಅವ್ವನ ದನಿ ಸಿಕ್ಕಿತು.

ಅವ್ವ ಅತ್ತಿಗೆಯ ಫೋನಿನಿಂದ ನನಗೆ ದಿನಾ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಬಟನ್ ಒತ್ತಿದರೆ ನಾನು ಆ ಕಡೆ ಇರುತ್ತೇನೆಂದೇ ತಿಳಿದಿದ್ದಳು. ಅದಕ್ಕೇ ಕೇಳುವುದು, ನನ್ನ ಉತ್ತರಕ್ಕೆ ಕಾಯುವುದು, ಹೂಂ ಎಂದು ಮುಂದುವರಿಯುವುದು. ಅಣ್ಣನ ಮನೆಗೆ ನಾನು ಬರುವಾಗಲೆಲ್ಲ ಬಸ್ಸು ನಿಲ್ಲುವುದು ವೈಜಾಪುರದಲ್ಲೇ, ಆ ಚಹಾದ ಬೈಗುಳ ಅಂಥದ್ದೊಂದು ದಿನದ್ದು. ಮಗಳು ಎಲ್ಲವನ್ನೂ ಬರೆದು ಗೋಡೆಗಂಟಿಸಿ, ಕೆಮ್ಮು ಸಮೇತ ಬಾಯಿಪಾಠ ಮಾಡಿದ್ದಳು. ಅಪ್ಪನಿಗೆ ಗುರುತು ಹತ್ತುತ್ತದೆ, ಖುಷಿಯಾಗಿ ನಗುತ್ತಾನೆ ಎಂದುಕೊಂಡಿದ್ದಳು. "ನಿಮಗ ಗೊತ್ತೇ ಆಗಲಿಲ್ಲ? ಎಲ್ಲಾ ನಿಮಗೇ ಕಳಿಸಿದ್ದಲ್ಲಾ ಅಪ್ಪಾ?" ಎಂದು ಕೇಳಿದಳು.

ಅಣ್ಣ ನನ್ನನ್ನು ನೋಡಿದ. ಅತ್ತಿಗೆ ನೋಡಿದಳು. ಫೋಟೋದೊಳಗಿನ ಅವ್ವನೂ ನೋಡಿದಳೆಂದೇ ನನಗನ್ನಿಸಿತು. ನಾನು ಒಂದನ್ನೂ ಕೇಳಿರಲಿಲ್ಲ. ಬಂದ ಕೂಡಲೇ ಕೈ ಮುಗಿದ ಚಿತ್ರವೊಂದನ್ನು ಒತ್ತಿ ಕೆಲಸಕ್ಕೆ ಕೂತುಬಿಡುತ್ತಿದ್ದೆ. ನನ್ನ ತಾಯಿಯ ಮಾತನ್ನು ನನಗಿಂತ ಮೊದಲು ಪೋಲೆಂಡಿನ ಒಂದು ಗೋಡೆ ಕೇಳಿತು.

ಶನಿವಾರ ಶರ್ವರಿ ಐದು ನಿಮಿಷ ಮಾತಾಡಿದಳು. ಏಳು ದೇಶದವರು ಕೊನೆಗೆ ಒಟ್ಟಾಗಿ "ಹೂಂ" ಎಂದರಂತೆ. ಮರುದಿನ ಎಲ್ಲ ಸಂದೇಶಗಳನ್ನೂ ನನಗೆ ಕಳಿಸಿದಳು. ಸುವರ್ಣಾ ಅನ್ನ ಸಾರು ಮಾಡಿಟ್ಟು, "ಬಿಸಿ ಇದ್ದಾಗ ಉಣ್ರೀ" ಎಂದು ಸಂತೆಗೆ ಹೋಗಿದ್ದಳು. ನಾನು ಎಂದಿನಂತೆ ಚೂಡಾದ ತಟ್ಟೆ ಹಿಡಿದು ಸೋಫಾದಲ್ಲಿ ಕುಳಿತು ಮೊದಲನೆಯದನ್ನು ಒತ್ತಿದೆ.

ಕೆಮ್ಮು. "ಬಸೂ, ಕೇಳಸ್ತದೇನು?"

ಮೌನ. ಅದು ನನಗಾಗಿ ಬಿಟ್ಟ ಜಾಗ. "ಕೇಳಸ್ತದವ್ವಾ" ಎಂದೆ.

"ಹೂಂ. ಉಂಡೀಯೇನು?"

"ಉಂಡೆ" ಎಂದೆ, ಚೂಡಾ ಅಗಿಯುತ್ತ.

"ಸುಳ್ಳ ಹೇಳಬ್ಯಾಡ" ಎಂದಳು ಅವ್ವ.

ತಟ್ಟೆ ಕೆಳಗಿಟ್ಟು, ಎದ್ದು ಹೋಗಿ ಅನ್ನ ಬಡಿಸಿಕೊಂಡೆ.